ಹೊಲಿಗೆ ಕೆಡುವುದು ಮಷಿನ್‌ನಲ್ಲಲ್ಲ

ನಾನು ಮೊದಲು ಹೊಲಿದ ಪೈಜಾಮ ಒಂದು ಸಲ ಒಗೆದಿದ್ದೇ ತಡ, ತಿರುಚಿಕೊಂಡಿತು. ಎಡಗಾಲಿನ ಪಕ್ಕದ ಹೊಲಿಗೆ ಮೊಣಕಾಲಿನ ಮುಂದೆ ಬಂದು ನಿಂತಿತ್ತು. ಬಲಗಾಲು ಸರಿಯಾಗಿಯೇ ಇತ್ತು. ಹೊಲಿಗೆ ಎಲ್ಲೂ ಬಿಟ್ಟಿರಲಿಲ್ಲ, ದಾರ ಕಿತ್ತಿರಲಿಲ್ಲ. ನಾನು ಮಷಿನ್ ಮೇಲೆ ಅನುಮಾನಪಟ್ಟೆ. ಎರಡು ವಾರ, ದಾರದ ಬಿಗಿ ಹೊಂದಿಸುವ ಟೆನ್ಷನ್ ತಿರುಪನ್ನು ಆ ಕಡೆ ಈ ಕಡೆ ತಿರುಗಿಸುತ್ತಾ ಕೂತೆ. ಆಮೇಲೆ ಗೊತ್ತಾಯಿತು, ತಪ್ಪು ಆಗಿದ್ದು ಮಷಿನ್ ಮುಂದೆ ಕೂರುವ ಮುಂಚೆಯೇ. ಬಟ್ಟೆ ಸಾಲುವುದಿಲ್ಲ ಅಂತ ಎಡಗಾಲಿನ ತುಂಡನ್ನು ಸ್ವಲ್ಪ ಓರೆಯಾಗಿ ಇಟ್ಟು ಕತ್ತರಿಸಿದ್ದೆ.

ಅದಕ್ಕೇ ಇವತ್ತು ಹೊಲಿಯುವುದರ ಬಗ್ಗೆ ಕಡಿಮೆ, ಅದಕ್ಕೆ ಮುಂಚೆ ಮತ್ತು ಆಮೇಲೆ ಮಾಡುವ ಕೆಲಸದ ಬಗ್ಗೆ ಜಾಸ್ತಿ ಮಾತಾಡುತ್ತೇನೆ. ಮನೆಯಲ್ಲಿ ಹೊಲಿಯುವ ನಮ್ಮಂಥವರ ಬಟ್ಟೆ ಕೆಡುವುದು ಅಲ್ಲೇ.

ಮೊದಲು ಬಟ್ಟೆ. "ಹಾಸುಹೊಕ್ಕು" ಅನ್ನುವ ಮಾತನ್ನು ಎಲ್ಲದಕ್ಕೂ ಬಳಸುತ್ತೇವೆ. ಅದು ಹುಟ್ಟಿದ್ದು ಮಗ್ಗದ ಮೇಲೆ. ಉದ್ದಕ್ಕೆ ಬಿಗಿಯಾಗಿ ಎಳೆದು ಕಟ್ಟಿದ ಎಳೆ ಹಾಸು. ಅದರ ನಡುವೆ ಅಡ್ಡಡ್ಡ ಓಡಾಡುವ ಎಳೆ ಹೊಕ್ಕು. ನಿಮ್ಮ ಕೈಗೆ ಕೊಟ್ಟ ತುಂಡನ್ನು ತೆಗೆದುಕೊಳ್ಳಿ. ಅದರ ಒಂದು ಬದಿಯಲ್ಲಿ ಎಳೆ ಬಿಚ್ಚದ ಗಟ್ಟಿ ಅಂಚು ಇದೆ. ಆ ಅಂಚಿನ ಉದ್ದಕ್ಕೆ ಎಳೆಯಿರಿ. ಜಗ್ಗುವುದಿಲ್ಲ. ಅಡ್ಡಕ್ಕೆ ಎಳೆಯಿರಿ. ಒಂಚೂರು ಜಗ್ಗುತ್ತದೆ. ಈಗ ಮೂಲೆಯಿಂದ ಮೂಲೆಗೆ ಎಳೆಯಿರಿ. ನೋಡಿದಿರಾ, ಅದೇ ಬಟ್ಟೆ ರಬ್ಬರಿನ ಹಾಗೆ ಬರುತ್ತದೆ.

ಈ ಮೂರು ಎಳೆತ ಗೊತ್ತಿದ್ದರೆ ಹೊಲಿಗೆಯ ಅರ್ಧ ಸಮಸ್ಯೆಗೆ ಕಾರಣ ನಿಮಗೇ ಹೊಳೆಯುತ್ತದೆ. ಉಡುಪು ಮೈಮೇಲೆ ನೇತಾಡುವಾಗ ಅದರ ಭಾರ ಹಾಸಿನ ಎಳೆಗಳ ಮೇಲೆ ಬೀಳಬೇಕು. ಆಗ ಅದು ನೇರ ಇಳಿಯುತ್ತದೆ. ತುಂಡು ಓರೆಯಾಗಿದ್ದರೆ ಭಾರ ಒಂದು ಕಡೆ ಎಳೆಯುತ್ತದೆ. ನನ್ನ ಪೈಜಾಮಕ್ಕೆ ಆದದ್ದು ಅದೇ.

ಬಟ್ಟೆಯ ಮೇಲಿಟ್ಟು ಕತ್ತರಿಸುವ ಕಾಗದದ ಮಾದರಿಯ ಮೇಲೆ ಉದ್ದಕ್ಕೆ ಒಂದು ಬಾಣದ ಗೆರೆ ಇರುತ್ತದೆ. ಹಾಸು ಯಾವ ದಿಕ್ಕಿಗಿರಬೇಕು ಅಂತ ಅದು ಹೇಳುತ್ತದೆ. ಅದನ್ನು ಕಣ್ಣಂದಾಜಿನಲ್ಲಿ ಇಡಬೇಡಿ. ಗೆರೆಯ ಮೇಲ್ತುದಿಯಿಂದ ಬಟ್ಟೆಯ ಆ ಗಟ್ಟಿ ಅಂಚಿಗೆ ಟೇಪ್ ಹಿಡಿದು ಅಳೆಯಿರಿ. ಕೆಳತುದಿಯಿಂದಲೂ ಅಳೆಯಿರಿ. ಎರಡೂ ಒಂದೇ ಬರಬೇಕು. ಅರ್ಧ ಸೆಂಟಿಮೀಟರ್ ವ್ಯತ್ಯಾಸ ಇದ್ದರೂ ತುಂಡನ್ನು ಸರಿಸಿ, ಇನ್ನೊಮ್ಮೆ ಅಳೆಯಿರಿ. ಎರಡು ನಿಮಿಷದ ಕೆಲಸ. ನನಗೆ ಅದು ಗೊತ್ತಿಲ್ಲದೆ ಒಂದು ಪೈಜಾಮ ನೆಲ ಒರೆಸಲು ಹೋಯಿತು.

ಕತ್ತರಿಸುವ ಮುಂಚೆ ಬಟ್ಟೆಯನ್ನು ಒಗೆಯಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಹತ್ತಿ ಬಟ್ಟೆಯಾದರೆ ಒಗೆಯಲೇಬೇಕು. ಮಗ್ಗದಲ್ಲಿ ಎಳೆದು ಕಟ್ಟಿದ ಎಳೆಗಳು ನೀರು ತಾಗಿದಾಗ ಬಿಗಿ ಸಡಿಲಿಸಿ ತಮ್ಮ ಸಹಜ ಉದ್ದಕ್ಕೆ ಮರಳುತ್ತವೆ. ನಾವು ಅದನ್ನು ಕುಗ್ಗಿತು ಅನ್ನುತ್ತೇವೆ. ನೂರಕ್ಕೆ 3ರಷ್ಟು ಕುಗ್ಗಿದರೂ ಎರಡೂವರೆ ಮೀಟರ್ ಬಟ್ಟೆಯಲ್ಲಿ ಏಳೂವರೆ ಸೆಂಟಿಮೀಟರ್ ಹೋಯಿತು. ಹೊಲಿದ ಮೇಲೆ ಇದಾದರೆ ಅಳುವುದೊಂದೇ ಬಾಕಿ. ಹೊಲಿದ ಮೇಲೆ ಉಡುಪನ್ನು ಹೇಗೆ ಒಗೆಯುತ್ತೀರೋ ಬಟ್ಟೆಯನ್ನೂ ಹಾಗೆಯೇ ಒಗೆಯಿರಿ. ಬಿಸಿನೀರಾದರೆ ಬಿಸಿನೀರು, ತಣ್ಣೀರಾದರೆ ತಣ್ಣೀರು. ಕತ್ತರಿಸಿದ ತುದಿಗಳಿಗೆ ಮೊದಲೇ ಅಂಕುಡೊಂಕು ಹೊಲಿಗೆ, ಅಂದರೆ ಜಿಗ್‌ಜಾಗ್ ಹಾಕಿ. ಇಲ್ಲದಿದ್ದರೆ ಎಳೆ ಬಿಚ್ಚಿ ಗೋಜಲಾಗುತ್ತದೆ. ಸ್ವಲ್ಪ ಹಸಿ ಇರುವಾಗಲೇ ಇಸ್ತ್ರಿ ಮಾಡಿ. ಲೈನಿಂಗ್ ಬಟ್ಟೆಯನ್ನು ಮರೆಯಬೇಡಿ. ಮೇಲಿನ ಬಟ್ಟೆ ನಿಂತಲ್ಲೇ ನಿಂತು ಒಳಗಿನ ಲೈನಿಂಗ್ ಮಾತ್ರ ಕುಗ್ಗಿದರೆ ಉಡುಪು ಒಳಗಿನಿಂದ ಸುಕ್ಕುಗಟ್ಟುತ್ತದೆ. ಇಸ್ತ್ರಿಗೂ ಅದು ಬಗ್ಗುವುದಿಲ್ಲ.

ಇನ್ನು ಕತ್ತರಿ. ಬಟ್ಟೆಯ ಕತ್ತರಿಯಲ್ಲಿ ಕಾಗದ ಕತ್ತರಿಸಬಾರದು ಅಂತ ಕೇಳಿರುತ್ತೀರಿ. ಅದು ಸುಮ್ನೆ ಹೇಳುವ ಮಾತಲ್ಲ. ಕಾಗದ ಬೆಳ್ಳಗೆ ನುಣ್ಣಗೆ ಇರಲಿ ಅಂತ ಅದರಲ್ಲಿ ಸುಣ್ಣ, ಜೇಡಿಯಂಥ ನುಣ್ಣನೆ ಪುಡಿ ಸೇರಿಸಿರುತ್ತಾರೆ. ಅದು ಅಲಗನ್ನು ತೇಯುತ್ತದೆ. ಬಟ್ಟೆ ಕತ್ತರಿಸುವಾಗ ಕತ್ತರಿಯ ಕೆಳಗಿನ ಅಲಗು ಮೇಜಿನ ಮೇಲೇ ಜಾರಲಿ. ಬಟ್ಟೆಯನ್ನು ಕೈಯಲ್ಲಿ ಎತ್ತಿ ಹಿಡಿಯಬೇಡಿ. ಎತ್ತಿದರೆ ಮೇಲಿನ ಪದರ ಒಂದು ಅಳತೆ, ಕೆಳಗಿನದು ಇನ್ನೊಂದು ಅಳತೆ.

ಇಲ್ಲಿ ನನ್ನ ಇನ್ನೊಂದು ಸಾಹಸ ಹೇಳಿಬಿಡುತ್ತೇನೆ. ಒಂದು ಅಂಗಿಗೆ ನಾನು ಎರಡು ಎಡತೋಳು ಕತ್ತರಿಸಿದ್ದೆ. ಬಟ್ಟೆಯನ್ನು ಮಡಚದೆ, ಒಂದೇ ಪದರದಲ್ಲಿ ಹಾಸಿ, ಮಾದರಿಯನ್ನು ಒಂದೇ ಬದಿಯಲ್ಲಿಟ್ಟು ಎರಡು ಸಲ ಕತ್ತರಿಸಿದೆ. ನಗುತ್ತಿದ್ದೀರಿ, ಆದರೆ ನಿಮ್ಮಲ್ಲಿ ಕೆಲವರಾದರೂ ಇದನ್ನು ಮಾಡಿದ್ದೀರಿ, ಅಲ್ವಾ? ಒಂದೇ ಪದರದಲ್ಲಿ ಕತ್ತರಿಸುವಾಗ ಎರಡನೇ ಸಲ ಮಾದರಿಯನ್ನು ಮಗುಚಿ ಹಾಕಬೇಕು. ಹೊರಮೈ ಒಳಮೈ ಒಂದೇ ಥರ ಕಾಣುವ ಬಟ್ಟೆಯಾದರೆ ಪ್ರತಿ ತುಂಡಿನ ಒಳಮೈಗೆ ಕತ್ತರಿಸಿದ ತಕ್ಷಣ ಚಾಕ್‌ನಲ್ಲಿ ಒಂದು ಗುರುತು ಹಾಕಿ. ಬಿಸಿಲಿನಲ್ಲಿ ನೋಡಿದರೆ ಎರಡೂ ಮೈ ಒಂದೇ ಬಣ್ಣ ಇರುವುದಿಲ್ಲ. ರಾತ್ರಿ ದೀಪದಲ್ಲಿ ಗೊತ್ತಾಗುವುದಿಲ್ಲ.

ಮಾರ್ಜಿನ್, ಅಂದರೆ ಹೊಲಿಗೆಯ ಗೆರೆಯಿಂದ ಬಟ್ಟೆಯ ತುದಿಯವರೆಗಿನ ಜಾಗ, ಎಷ್ಟು ಬಿಡಬೇಕು? ಎಲ್ಲ ಕಡೆಗೂ ಒಂದೇ ಲೆಕ್ಕ ಬೇಡ. ಸಾಮಾನ್ಯ ಹೊಲಿಗೆಗೆ ಒಂದೂವರೆ ಸೆಂಟಿಮೀಟರ್. ಮುಂದೆ ಬಿಚ್ಚಿ ದೊಡ್ಡದು ಮಾಡಬೇಕಾಗಬಹುದು ಅನ್ನುವ ಪಕ್ಕದ ಹೊಲಿಗೆಗೆ ಎರಡೂವರೆ. ಕತ್ತಿನ ಸುತ್ತ ಒಂದು ಸಾಕು. ಅಲ್ಲಿ ಜಾಸ್ತಿ ಬಿಟ್ಟರೆ ತಿರುವು ಕೂರುವುದಿಲ್ಲ.

ಕತ್ತಿನ ವಿಷಯ ಬಂತು, ಅಲ್ಲೇ ಸ್ವಲ್ಪ ನಿಲ್ಲೋಣ. ಕತ್ತಿನ ದುಂಡು ಹಾಸಿನ ಮೇಲೂ ಹೋಗುತ್ತದೆ, ಹೊಕ್ಕಿನ ಮೇಲೂ ಹೋಗುತ್ತದೆ, ನಡುವೆ ಓರೆಯಾಗಿಯೂ ಹೋಗುತ್ತದೆ. ಆ ಓರೆ ಭಾಗ ಬರೀ ಕೈಯಲ್ಲಿ ಎತ್ತಿದರೂ ಜಗ್ಗುತ್ತದೆ. ಹೊಲಿದ ಮೇಲೆ ಕತ್ತು ಬಾಯಿ ಬಿಟ್ಟುಕೊಂಡು ನಿಲ್ಲುವುದು ಇದರಿಂದಲೇ. ಹಾಗಾಗಿ ಕತ್ತರಿಸಿದ ಕೂಡಲೇ, ಬೇರೆ ಏನನ್ನೂ ಮಾಡುವ ಮುಂಚೆ, ಕತ್ತಿನ ಸುತ್ತ ಒಂಟಿ ಪದರದ ಮೇಲೆ ಒಂದು ಸಾಲು ಹೊಲಿಗೆ ಹಾಕಿಬಿಡಿ. ನಿಜವಾದ ಹೊಲಿಗೆ ಬರುವ ಗೆರೆಗಿಂತ ಎರಡು ಮೂರು ಮಿಲಿಮೀಟರ್ ಹೊರಗೆ, ಮಾರ್ಜಿನ್ ಒಳಗೆ. ಭುಜದಿಂದ ಶುರು ಮಾಡಿ ನಡುವಿಗೆ ಬನ್ನಿ, ನಿಲ್ಲಿಸಿ. ಇನ್ನೊಂದು ಭುಜದಿಂದ ಮತ್ತೆ ನಡುವಿಗೆ. ಒಂದೇ ದಿಕ್ಕಿನಲ್ಲಿ ಸುತ್ತಿಕೊಂಡು ಹೋದರೆ ಒಂದು ಬದಿ ಎಳೆದಂತಾಗುತ್ತದೆ. ಈ ಸಾಲು ಹೊರಗೆ ಕಾಣುವುದಿಲ್ಲ. ಅದು ಇದ್ದ ಕತ್ತಿಗೂ ಇಲ್ಲದ ಕತ್ತಿಗೂ ಇರುವ ವ್ಯತ್ಯಾಸ ಮಾತ್ರ ಕಾಣುತ್ತದೆ.

ಅದೇ ಓರೆಯನ್ನು ನಮ್ಮ ಕೆಲಸಕ್ಕೂ ಬಳಸಿಕೊಳ್ಳಬಹುದು. ಅಂಚಿಗೆ ಕೂಡಿಸಿ ಹೊಲಿಯುವ ಪೈಪಿಂಗ್ ಪಟ್ಟಿಯನ್ನು 45 ಡಿಗ್ರಿ ಓರೆಯಲ್ಲೇ ಕತ್ತರಿಸುವುದು ಅದಕ್ಕೇ. ನೇರ ಕತ್ತರಿಸಿದ ಪಟ್ಟಿ ದುಂಡಿನಲ್ಲಿ ಸುಕ್ಕಾಗುತ್ತದೆ. ಓರೆ ಪಟ್ಟಿ ಹೇಳಿದಲ್ಲಿ ಬಳುಕುತ್ತದೆ.

ಈಗ ಸೂಜಿ. ಮಷಿನ್ ಸೂಜಿಯ ಪೊಟ್ಟಣದ ಮೇಲೆ 90/14 ಅಂತ ಎರಡು ಅಂಕಿ ಇರುತ್ತವೆ. ಮೊದಲನೆಯದು ಸೂಜಿಯ ದಪ್ಪ. 90 ಅಂದರೆ 0.9 ಮಿಲಿಮೀಟರ್. ಎರಡನೆಯದು ಅದೇ ದಪ್ಪಕ್ಕೆ ಬೇರೆ ಲೆಕ್ಕದ ಹೆಸರು. ತೆಳು ಬಟ್ಟೆಗೆ 65/9 ಅಥವಾ 70/10, ಮಾಮೂಲಿ ಹತ್ತಿಗೆ 80/12, ದಪ್ಪದಕ್ಕೆ 90/14, ಜೀನ್ಸ್‌ಗೆ 100/16. ತೆಳು ಬಟ್ಟೆಗೆ ದಪ್ಪ ಸೂಜಿ ಹಾಕಿದರೆ ತೂತು ಉಳಿಯುತ್ತದೆ. ದಪ್ಪ ಬಟ್ಟೆಗೆ ತೆಳು ಸೂಜಿ ಹಾಕಿದರೆ ಬಾಗುತ್ತದೆ, ಇಲ್ಲವೇ ಮುರಿಯುತ್ತದೆ.

ಟೀ ಶರ್ಟಿನಂಥ ಹೆಣೆದ ಬಟ್ಟೆಗೆ ತುದಿ ಸ್ವಲ್ಪ ಮೊಂಡಾದ ಸೂಜಿ ಬೇಕು. ಬಾಲ್‌ಪಾಯಿಂಟ್ ಅಂತ ಕೇಳಿ ತೆಗೆದುಕೊಳ್ಳಿ. ಚೂಪಾದ ಸೂಜಿ ಅಲ್ಲಿ ಎಳೆಯನ್ನೇ ಕತ್ತರಿಸುತ್ತದೆ. ಮೊಂಡು ತುದಿ ಎಳೆಯನ್ನು ಪಕ್ಕಕ್ಕೆ ಸರಿಸಿ ದಾರಿ ಮಾಡಿಕೊಳ್ಳುತ್ತದೆ. ಆ ಬಟ್ಟೆಗೆ ನೇರ ಹೊಲಿಗೆಯೂ ಬೇಡ. ಬಟ್ಟೆ ಜಗ್ಗುತ್ತದೆ, ದಾರ ಜಗ್ಗುವುದಿಲ್ಲ, ತಲೆ ತೂರಿಸುವಾಗ ಟಪ್ ಅಂತ ಕಿತ್ತುಹೋಗುತ್ತದೆ. ಜಿಗ್‌ಜಾಗ್‌ನ ಅಗಲವನ್ನು ತೀರಾ ಕಡಿಮೆ, ಅರ್ಧ ಮಿಲಿಮೀಟರಿಗೆ ಇಟ್ಟು ಹೊಲಿಯಿರಿ. ನೋಡಲು ನೇರವಾಗಿಯೇ ಕಾಣುತ್ತದೆ, ಜಗ್ಗಿದಾಗ ಬಿಟ್ಟುಕೊಡುತ್ತದೆ.

ಸೂಜಿಯನ್ನು ಎಷ್ಟು ದಿನಕ್ಕೆ ಬದಲಾಯಿಸುತ್ತೀರಿ? ಮುರಿದಾಗ, ಅಂತ ಯಾರೋ ಹೇಳಿದರು. ಎಲ್ಲರ ಉತ್ತರವೂ ಅದೇ. ಸುಮಾರು ಎಂಟು ಗಂಟೆ ಹೊಲಿದರೆ ಸೂಜಿಯ ತುದಿ ಸವೆದಿರುತ್ತದೆ. ಬಟ್ಟೆಗೆ ಹೊಕ್ಕುವಾಗ ಟಕ್ ಟಕ್ ಸದ್ದು ಬಂದರೆ, ಎಳೆ ಸೆಳೆದಂತಾದರೆ, ನಡುನಡುವೆ ಹೊಲಿಗೆ ಬಿಟ್ಟು ಹೋದರೆ, ಮೊದಲು ಸೂಜಿ ಬದಲಾಯಿಸಿ. ರಿಪೇರಿಯವರನ್ನು ಆಮೇಲೆ ಕರೆಯಿರಿ.

ಹಾಕುವಾಗ ಒಂದು ವಿಷಯ ನೋಡಿ. ಸೂಜಿಯ ಒಂದು ಬದಿಯಲ್ಲಿ ಉದ್ದಕ್ಕೆ ತೋಡು ಇದೆ. ಉಗುರು ಆಡಿಸಿದರೆ ಸಿಗುತ್ತದೆ. ದಾರ ಆ ತೋಡಿನಲ್ಲಿ ಕೂತು ಇಳಿಯುತ್ತದೆ. ಹಾಗಾಗಿ ದಾರವನ್ನು ತೋಡಿನ ಕಡೆಯಿಂದಲೇ ಕಣ್ಣಿಗೆ ಪೋಣಿಸಬೇಕು. ತಿರುಗಾಮುರುಗಾ ಆದರೆ ಮಷಿನ್ ಹೊಲಿಯುವುದೇ ಇಲ್ಲ.

ಯಾಕೆ ಅಂತ ತಿಳಿಯಲು ಮಷಿನ್ ಹೇಗೆ ಹೊಲಿಯುತ್ತದೆ ಅಂತ ನೋಡಬೇಕು. ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ, ಸಹಿಸಿಕೊಳ್ಳಿ. ಸಿಮೆಂಟ್ ಚೀಲದ ಬಾಯಿ ಬಿಚ್ಚಿದ್ದೀರಾ? ಸರಿಯಾದ ತುದಿ ಸಿಕ್ಕಿದರೆ ಸರ್ರನೆ ಇಡೀ ಹೊಲಿಗೆ ಬಿಚ್ಚಿಕೊಳ್ಳುತ್ತದೆ. ಅದು ಸರಪಳಿ ಹೊಲಿಗೆ. ಕುಣಿಕೆಯೊಳಗೆ ಕುಣಿಕೆ. ಫ್ರಾನ್ಸಿನ ದರ್ಜಿ ತಿಮೊನಿಯೆ 1830ರಲ್ಲಿ ಪೇಟೆಂಟ್ ಪಡೆದ ಮಷಿನ್ ಹಾಕುತ್ತಿದ್ದದ್ದು ಇದೇ ಹೊಲಿಗೆ. ಸೈನಿಕರ ಸಮವಸ್ತ್ರ ಹೊಲಿಯುತ್ತಿದ್ದ ಅವನ ಮಷಿನ್‌ಗಳನ್ನು ಮರುವರ್ಷ ಬೇರೆ ದರ್ಜಿಗಳು ನುಗ್ಗಿ ಒಡೆದು ಹಾಕಿದರು, ತಮ್ಮ ಹೊಟ್ಟೆಪಾಡು ಹೋಗುತ್ತದೆ ಅಂತ. 1846ರಲ್ಲಿ ಅಮೆರಿಕದ ಎಲಿಯಾಸ್ ಹೋವೆ ಪೇಟೆಂಟ್ ಪಡೆದ ಮಷಿನ್‌ನಲ್ಲಿ ಎರಡು ದಾರ ಇದ್ದವು. ಸೂಜಿಯ ಕಣ್ಣು ಬುಡದಲ್ಲಿರದೆ ತುದಿಯಲ್ಲಿತ್ತು. ನಮ್ಮ ಮನೆಯ ಮಷಿನ್ ಇವತ್ತಿಗೂ ನಡೆಯುವುದು ಆ ಉಪಾಯದ ಮೇಲೆ. ಸೂಜಿ ಕೆಳಗಿಳಿದು ಸ್ವಲ್ಪ ಮೇಲೇರುವಾಗ ಕಣ್ಣಿನ ಹಿಂದೆ ದಾರ ಸಡಿಲಾಗಿ ಸಣ್ಣ ಕುಣಿಕೆಯಾಗುತ್ತದೆ. ಕೆಳಗಿನ ಕೊಕ್ಕೆ ಆ ಕುಣಿಕೆಯನ್ನು ಹಿಡಿದು, ಕೆಳಗಿನ ದಾರ ಸುತ್ತಿಟ್ಟ ಬಾಬಿನ್ ಸುತ್ತ ದಾಟಿಸುತ್ತದೆ. ಮೇಲಿನ ದಾರವೂ ಕೆಳಗಿನ ದಾರವೂ ಬಟ್ಟೆಯ ನಡುವೆ ಒಂದನ್ನೊಂದು ಅಪ್ಪಿಕೊಳ್ಳುತ್ತವೆ. ಸೂಜಿ ಉಲ್ಟಾ ಇದ್ದರೆ, ಬಾಗಿದ್ದರೆ, ಕೊಕ್ಕೆಗೆ ಕುಣಿಕೆ ಸಿಗುವುದಿಲ್ಲ. ಹೊಲಿಗೆ ಬಿಟ್ಟುಹೋಗುವುದು ಅದಕ್ಕೆ.

ಬಟ್ಟೆಯ ಅಡಿಯಲ್ಲಿ ದಾರ ಗೂಡುಕಟ್ಟಿದಾಗ ಎಲ್ಲರೂ ಬಾಬಿನ್ ಮೇಲೆ ಕೋಪ ಮಾಡಿಕೊಳ್ಳುತ್ತಾರೆ. ಗೂಡು ಕೆಳಗಿದ್ದರೂ ತಪ್ಪು ಸಾಮಾನ್ಯವಾಗಿ ಮೇಲಿನ ದಾರದ್ದು. ಟೆನ್ಷನ್ ಅನ್ನುವುದು ಎರಡು ಬಿಲ್ಲೆಗಳು ದಾರವನ್ನು ಒತ್ತಿ ಹಿಡಿಯುವ ವ್ಯವಸ್ಥೆ. ಬಟ್ಟೆ ಒತ್ತುವ ಪಾದವನ್ನು ಕೆಳಗಿಳಿಸಿದಾಗ ಆ ಬಿಲ್ಲೆಗಳು ಮುಚ್ಚುತ್ತವೆ, ಎತ್ತಿದಾಗ ತೆರೆಯುತ್ತವೆ. ಪಾದ ಇಳಿಸಿಕೊಂಡೇ ದಾರ ಪೋಣಿಸಿದರೆ ದಾರ ಬಿಲ್ಲೆಗಳ ನಡುವೆ ಇಳಿಯುವುದಿಲ್ಲ, ಮೇಲೇ ಕೂರುತ್ತದೆ. ಹಿಡಿತ ಇಲ್ಲದ ದಾರ ಕೆಳಗೆ ಸುರಿದು ಗೂಡಾಗುತ್ತದೆ. ಹಾಗಾಗಿ ಪಾದ ಎತ್ತಿ, ದಾರವನ್ನು ಪೂರ್ತಿ ಹೊರಗೆ ತೆಗೆದು, ಮೊದಲಿನಿಂದ ಪೋಣಿಸಿ. ಟೆನ್ಷನ್ ತಿರುಪನ್ನು ಮುಟ್ಟುವುದು ಅದಾದ ಮೇಲೂ ಸರಿಹೋಗದಿದ್ದರೆ ಮಾತ್ರ.

ಹೊಲಿಗೆ ಶುರು ಮಾಡುವಾಗ ಎರಡೂ ದಾರದ ತುದಿಯನ್ನು ಹಿಂದಕ್ಕೆ ಹಿಡಿದುಕೊಂಡು ಮೂರು ನಾಲ್ಕು ಹೊಲಿಗೆ ಹೋಗಲಿ. ತೆಳು ಬಟ್ಟೆಯನ್ನು ಮಷಿನ್ ಕೆಳಕ್ಕೆ ನುಂಗುತ್ತಿದ್ದರೆ ಒಂದು ಚಿಂದಿ ತುಂಡಿನ ಮೇಲೆ ಶುರು ಮಾಡಿ, ನಿಲ್ಲಿಸದೆ ಬಟ್ಟೆಯ ಮೇಲೆ ಹೋಗಿ. ಆಮೇಲೆ ಚಿಂದಿಯನ್ನು ಕತ್ತರಿಸಿ. ಹೊಲಿಗೆಯ ಉದ್ದ ಮಾಮೂಲಿಗೆ 2.5 ಮಿಲಿಮೀಟರ್. ನೆರಿಗೆ ಕೂಡಿಸಲು 4. ಸಣ್ಣ ದುಂಡಿಗೆ 2.

ಎರಡು ಪದರ ಹೊಲಿಯುವಾಗ ಕೊನೆಯಲ್ಲಿ ಮೇಲಿನ ಬಟ್ಟೆ ಉಳಿದುಬಿಡುತ್ತದೆ, ಅಲ್ವಾ? ಪಾದದ ಅಡಿಯಲ್ಲಿ ಬಟ್ಟೆಯನ್ನು ಮುಂದೂಡುವ ಹಲ್ಲುಗಳು ಕೆಳಗಿನ ಪದರವನ್ನು ಎಳೆದುಕೊಂಡು ಹೋಗುತ್ತವೆ. ಮೇಲಿನ ಪದರವನ್ನು ಪಾದ ತಡೆಯುತ್ತದೆ. ಇದನ್ನು ತಿಳಿದರೆ ಉಪಯೋಗಕ್ಕೂ ಬರುತ್ತದೆ. ಎರಡು ತುಂಡಿನಲ್ಲಿ ಒಂದು ತುಸು ಉದ್ದ ಇದ್ದರೆ ಅದನ್ನು ಕೆಳಗೆ ಇಟ್ಟು ಹೊಲಿಯಿರಿ. ಹಲ್ಲುಗಳೇ ಹೆಚ್ಚಿನದನ್ನು ಸರಿದೂಗಿಸುತ್ತವೆ. ಕೈಯಿಂದ ಮಾತ್ರ ಎಳೆಯಬೇಡಿ. ಕೈ ಇರುವುದು ದಾರಿ ತೋರಿಸಲು.

ಇಸ್ತ್ರಿ. ಇಲ್ಲಿ ನನಗೆ ಹಟ ಜಾಸ್ತಿ. ಎಲ್ಲ ಹೊಲಿದು ಮುಗಿಸಿ ಕೊನೆಗೆ ಒಂದು ಸಲ ಇಸ್ತ್ರಿ ಮಾಡುವವರ ಬಟ್ಟೆ ಮನೆಯಲ್ಲಿ ಹೊಲಿದದ್ದು ಅಂತ ದೂರದಿಂದಲೇ ಗೊತ್ತಾಗುತ್ತದೆ. ಪ್ರತಿ ಹೊಲಿಗೆ ಮುಗಿದ ಮೇಲೆ, ಇನ್ನೊಂದು ಹೊಲಿಗೆ ಅದನ್ನು ದಾಟುವ ಮುಂಚೆ, ಇಸ್ತ್ರಿ ಆಗಬೇಕು. ಮೊದಲು ಹೊಲಿಗೆಯನ್ನು ಹೇಗಿದೆಯೋ ಹಾಗೆಯೇ ಒತ್ತಿ. ದಾರ ಬಟ್ಟೆಯೊಳಗೆ ಕೂರುತ್ತದೆ. ಆಮೇಲೆ ಮಾರ್ಜಿನ್ ಬಿಡಿಸಿ ಒತ್ತಿ. ಒತ್ತಿ ಅಂದೆ, ಉಜ್ಜಿ ಅನ್ನಲಿಲ್ಲ. ಇಟ್ಟು, ಎತ್ತಿ, ಪಕ್ಕಕ್ಕೆ ಇಡಿ. ಉಜ್ಜಿದರೆ ಓರೆ ಭಾಗಗಳು ಜಗ್ಗುತ್ತವೆ. ಗಾಢ ಬಣ್ಣದ ಬಟ್ಟೆಯ ಮೇಲೆ ತೆಳು ಹತ್ತಿ ಬಟ್ಟೆ ಹಾಸಿಕೊಳ್ಳಿ, ಇಲ್ಲದಿದ್ದರೆ ಮಿರುಗು ಬರುತ್ತದೆ. ನಾನು ಮಷಿನ್ ಪಕ್ಕದಲ್ಲೇ ಇಸ್ತ್ರಿ ಮೇಜು ಇಟ್ಟುಕೊಂಡಿದ್ದೇನೆ. ಎದ್ದು ಹೋಗಬೇಕಾದರೆ ನಾನೂ ಮಾಡುತ್ತಿರಲಿಲ್ಲ.

ದುಂಡು ಹೊಲಿಗೆಯನ್ನು ತಿರುಗಿಸುವ ಮುಂಚೆ ಮಾರ್ಜಿನ್‌ಗೆ ಕತ್ತರಿ ಹಾಕಬೇಕು. ಆದರೆ ಎರಡು ಥರ. ಕತ್ತಿನಂಥ ಒಳದುಂಡಿನಲ್ಲಿ ಮಾರ್ಜಿನ್ ತುದಿ ಹೊಲಿಗೆಗಿಂತ ಗಿಡ್ಡ. ತಿರುಗಿಸಿದಾಗ ಅದಕ್ಕೆ ಹರಡಲು ಜಾಗ ಬೇಕು. ಸುಮ್ನೆ ಸೀಳು ಕೊಟ್ಟರೆ ಸಾಕು. ದುಂಡು ಕಾಲರಿನಂಥ ಹೊರದುಂಡಿನಲ್ಲಿ ತುದಿ ಹೊಲಿಗೆಗಿಂತ ಉದ್ದ. ಒಳಗೆ ಹೋದಾಗ ಒಂದರ ಮೇಲೊಂದು ಬಿದ್ದು ಗಂಟಾಗುತ್ತದೆ. ಅಲ್ಲಿ ಚಿಕ್ಕ ತ್ರಿಕೋನಗಳನ್ನೇ ಕತ್ತರಿಸಿ ತೆಗೆಯಬೇಕು. ಎರಡರಲ್ಲೂ ಹೊಲಿಗೆಗೆ ಎರಡು ಮಿಲಿಮೀಟರ್ ಬಾಕಿ ಇರುವಾಗ ನಿಲ್ಲಿಸಿ.

ಗುಂಡಿ ಹೊಲಿಯುವುದು ಎಲ್ಲರಿಗೂ ಬರುತ್ತದೆ. ಆದರೂ ಗುಂಡಿ ಬಿಗಿಯಾಗಿ ಬಟ್ಟೆಗೆ ಅಂಟಿಕೊಂಡಿದ್ದರೆ ಹಾಕಿದಾಗ ಸುತ್ತ ಸುಕ್ಕು ಬರುತ್ತದೆ. ಕಾಜಾ ಇರುವ ಪದರ ಗುಂಡಿಯ ಅಡಿಯಲ್ಲಿ ಕೂರಲು ಜಾಗ ಬೇಕಲ್ಲ. ಗುಂಡಿಯ ಮೇಲೆ ಒಂದು ಬೆಂಕಿಕಡ್ಡಿ ಇಟ್ಟು, ಅದರ ಮೇಲಿಂದ ದಾರ ದಾಟಿಸಿ ಹೊಲಿಯಿರಿ. ಮುಗಿದ ಮೇಲೆ ಕಡ್ಡಿ ಎಳೆದು, ಗುಂಡಿಯನ್ನು ಮೇಲೆತ್ತಿ, ಅಡಿಯಲ್ಲಿ ದಾರವನ್ನು ನಾಲ್ಕು ಸುತ್ತು ಸುತ್ತಿ ಗಂಟು ಹಾಕಿ. ಕೈಹೊಲಿಗೆಗೆ ದಾರ ಮೊಳದುದ್ದ ಸಾಕು. ಮತ್ತೆ ಮತ್ತೆ ಪೋಣಿಸುವ ಸೋಮಾರಿತನಕ್ಕೆ ಮಾರುದ್ದ ತೆಗೆದುಕೊಂಡರೆ ಅದು ಗಂಟು ಬಿಡಿಸುವುದರಲ್ಲೇ ಹೋಗುತ್ತದೆ.

ಕಾಜಾ ಎಷ್ಟು ಉದ್ದ? ಗುಂಡಿಯ ಅಗಲಕ್ಕೆ ಅದರ ದಪ್ಪ ಸೇರಿಸಿ. ಚಪ್ಪಟೆ ಗುಂಡಿಗೂ ಉಬ್ಬಿದ ಗುಂಡಿಗೂ ಒಂದೇ ಕಾಜಾ ಆಗುವುದಿಲ್ಲ. ಉಡುಪಿನಲ್ಲಿ ಎಷ್ಟು ಪದರ ಇದೆಯೋ ಅಷ್ಟೇ ಪದರದ ಚಿಂದಿಯ ಮೇಲೆ ಮೊದಲು ಮಾಡಿ ನೋಡಿ. ಸೀಳುವಾಗ ಎರಡೂ ತುದಿಗೆ ಅಡ್ಡಲಾಗಿ ಗುಂಡುಸೂಜಿ ಚುಚ್ಚಿಡಿ. ಅಲಗು ಅಲ್ಲಿಗೆ ಬಂದು ನಿಲ್ಲುತ್ತದೆ. ಇಲ್ಲವಾದರೆ ಒಂದು ಕ್ಷಣದಲ್ಲಿ ಎಲ್ಲ ಸೀಳಿಹೋಗುತ್ತದೆ. ಅದು ಆಗುವುದು ಯಾವಾಗಲೂ ಕೊನೆಯ ಕಾಜಾದಲ್ಲಿ.

ಜೀನ್ಸ್ ಕೆಳಗಂಚು ಮಡಚುವಾಗ ಪಕ್ಕದ ಹೊಲಿಗೆಯ ಗಂಟಿನ ಹತ್ತಿರ ಮಷಿನ್ ನಿಂತುಬಿಡುತ್ತದೆ ಅಂತ ಒಬ್ಬರು ಕೇಳಿದ್ದಾರೆ. ಗಂಟು ಹತ್ತುವಾಗ ಪಾದದ ಮುಂಭಾಗ ಮೇಲೆದ್ದು ಓರೆಯಾಗುತ್ತದೆ. ಆಗ ಹಲ್ಲಿಗೆ ಹಿಡಿತ ತಪ್ಪುತ್ತದೆ. ಅಲ್ಲಿ ನಿಲ್ಲಿಸಿ. ಸೂಜಿ ಬಟ್ಟೆಯೊಳಗೇ ಇರಲಿ. ಪಾದ ಎತ್ತಿ ಅದರ ಹಿಂದೆ, ಗಂಟಿನಷ್ಟೇ ದಪ್ಪಕ್ಕೆ ಮಡಚಿದ ಬಟ್ಟೆ ತುಂಡು ಇಟ್ಟು ಪಾದ ಇಳಿಸಿ. ಈಗ ಪಾದ ಮಟ್ಟವಾಗಿ ಕೂತಿದೆ. ಕೈಚಕ್ರವನ್ನು ನಿಮ್ಮ ಕಡೆಗೆ ತಿರುಗಿಸುತ್ತಾ ಒಂದೊಂದೇ ಹೊಲಿಗೆ ಹಾಕಿ. ಗಂಟು ಇಳಿಯುವಾಗ ಅದೇ ತುಂಡನ್ನು ಪಾದದ ಮುಂದೆ ಇಡಿ. ಹೊಲಿಯುವ ಮುಂಚೆ ಗಂಟಿನ ಮೇಲೆ ಬಟ್ಟೆ ಹಾಸಿ ಸುತ್ತಿಗೆಯಲ್ಲಿ ನಾಲ್ಕು ಏಟು ಕೊಟ್ಟರೆ ಇನ್ನೂ ಸುಲಭ. ಸೂಜಿ 100/16 ಇರಲಿ. ಇನ್ನೊಂದು ಸೂಜಿ ಕೈಗೆ ಸಿಗುವ ಹಾಗೆ ಪಕ್ಕದಲ್ಲೇ ಇಟ್ಟುಕೊಳ್ಳಿ.